ಹಿಂದಕ್ಕೆ ತಿರುಗಿದ ಬಣ್ಣದ ಚಕ್ರ

ನಾನು ಒಂದು ಬಣ್ಣದ ಚಕ್ರ. ಕೈಯಲ್ಲಿ ಹಿಡಿಯುವಂಥದ್ದಲ್ಲ; ರಬಕವಿಯ ಒಂದು ಮನೆಯ ಕಂಪ್ಯೂಟರ್ ಪರದೆಯ ಬಲ ಮೂಲೆಯಲ್ಲಿ ಕೂತು ಹೊತ್ತಿನ ಜೊತೆ ತಿರುಗುವಂಥದ್ದು. ನನ್ನಂಥವರನ್ನು ವಿಜೆಟ್ ಎನ್ನುತ್ತಾರೆ. ಆ ಹೆಸರು ನನಗೆ ಹಿಡಿಸಿಲ್ಲ, ಆದರೆ ಹೆಸರಿಡುವಾಗ ನನ್ನನ್ನು ಕೇಳಿದವರು ಯಾರು?

ನನ್ನನ್ನು ಮಾಡಿದವಳು ಶೈಲಾ. ಅವಳೂ ಗಂಡ ಪ್ರಭುವೂ ಸೀರೆಯ ಸೆರಗಿಗೆ ಕಂಪ್ಯೂಟರಿನಲ್ಲಿ ಡಿಸೈನ್ ಬರೆದು ನೇಕಾರರಿಗೆ ಕೊಡುತ್ತಿದ್ದರು. ಹಿತ್ತಲಲ್ಲಿ ಪ್ರಭುವಿನ ದೊಡ್ಡವ್ವ ನೀಲವ್ವ ನೂಲಿಗೆ ಬಣ್ಣ ಹಾಕುತ್ತಿದ್ದಳು. ನಲವತ್ತು ವರ್ಷದಿಂದ ಅದೇ ಹಂಡೆ, ಅದೇ ಒಲೆ. ಒಂದು ದಿನ ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಬಿದ್ದಳು. ಎದ್ದಾಗ ಕೈಕಾಲು ನೆಟ್ಟಗಿದ್ದವು, ಮಾತೂ ಬಂತು, ಅಂಕಿಗಳು ಮಾತ್ರ ಹೋಗಿಬಿಟ್ಟಿದ್ದವು. ಗಡಿಯಾರ ನೋಡಿದರೆ ಮುಳ್ಳು ಕಾಣುತ್ತಿತ್ತು, ಗಂಟೆ ಎಷ್ಟೆಂದು ತಿಳಿಯುತ್ತಿರಲಿಲ್ಲ.

ರೇಷ್ಮೆಯನ್ನು ಕುದಿಯುವ ಬಣ್ಣದಲ್ಲಿ ಒಂದು ತಾಸಿಗಿಂತ ಹೆಚ್ಚು ಇಡುವಂತಿಲ್ಲ. ಇಟ್ಟರೆ ಹೊಳಪು ಸತ್ತು ಎಳೆ ಬಿಡುತ್ತದೆ. ಹೊತ್ತು ಗೊತ್ತಾಗದವಳ ಕೈಗೆ ರೇಷ್ಮೆ ಹೇಗೆ ಕೊಡಲಿ ಎಂದು ನೂಲಿನ ಒಡೆಯ ರಾಚಪ್ಪ ಹಿಂದೆಮುಂದೆ ನೋಡಿದ. ಅಲಾರಾಂ ಇಟ್ಟರೆ ಪಕ್ಕದ ಮನೆಯ ಮಗ್ಗಗಳ ಸದ್ದಿನಲ್ಲಿ ಕೇಳುತ್ತಿರಲಿಲ್ಲ. ಯಾರನ್ನಾದರೂ ಪದೇ ಪದೇ ಗಂಟೆ ಕೇಳುವುದಕ್ಕೆ ನೀಲವ್ವ ಒಲ್ಲೆ ಎಂದಳು.

ಆಗ ಶೈಲಾಳಿಗೆ ಹೊಳೆದದ್ದು ನಾನು. ಅಂಕಿ ಹೋದರೇನು, ಬಣ್ಣ ಹೋಗಿರಲಿಲ್ಲವಲ್ಲ. ನೀಲವ್ವ ತಾನೇ ಹನ್ನೆರಡು ಬಣ್ಣದ ಲಡಿಗಳನ್ನು, ಅಂದರೆ ನೂಲಿನ ಸುರುಳಿಗಳನ್ನು, ಆರಿಸಿಕೊಟ್ಟಳು, ಗಂಟೆಗೊಂದು. ಎಂಟಕ್ಕೆ ಕುಂಕುಮ, ಒಂಬತ್ತಕ್ಕೆ ಕೇಸರಿ, ಹತ್ತಕ್ಕೆ ಅರಿಸಿನ, ಹನ್ನೊಂದಕ್ಕೆ ಗಿಳಿಹಸಿರು, ಹೀಗೆ. ಶೈಲಾ ಅವುಗಳ ಫೋಟೊ ತೆಗೆದು, ಒಂದು ಬಣ್ಣ ಇನ್ನೊಂದರಲ್ಲಿ ಕರಗುವಂತೆ ನನ್ನನ್ನು ದುಂಡಗೆ ಬರೆದಳು. ಮೇಲೆ ಒಂದು ಬಿಳಿ ಗುರುತು ಇಟ್ಟಳು. ಅದರ ಕೆಳಗೆ ಯಾವ ಬಣ್ಣ ಬಂತೋ ಅದೇ ಹೊತ್ತು. ಕಂಪ್ಯೂಟರಿನ ಗಡಿಯಾರವನ್ನು ಕೇಳಿ ನಿಮಿಷಕ್ಕೆ ಅರ್ಧ ಡಿಗ್ರಿಯಂತೆ ತಿರುಗು ಎಂದು ನನಗೆ ಅಪ್ಪಣೆಯಾಯಿತು. ಮೊದಲ ದಿನ ನಾನು ಉಲ್ಟಾ ತಿರುಗಿದೆ. ಅವಳು ನಕ್ಕು, ಒಂದು ಮೈನಸ್ ಚಿಹ್ನೆ ಹಾಕಿ ದಾರಿಗೆ ತಂದಳು.

ಯಾವ ಕೆಲಸ ತೆರೆದರೂ ನಾನು ಎಲ್ಲಕ್ಕಿಂತ ಮೇಲೆ ಕಾಣುತ್ತಿದ್ದೆ. ನೀಲವ್ವ ಹಂಡೆಯ ಪಕ್ಕದಿಂದಲೇ ಕಿಟಕಿಯಲ್ಲಿ ನನ್ನನ್ನು ನೋಡುತ್ತಿದ್ದಳು. ಅರಿಸಿನಕ್ಕೆ ನೂಲು ಇಳಿಸುವುದು, ಗಿಳಿಹಸಿರಿಗೆ ತೆಗೆಯುವುದು. ಎಂಟು ತಿಂಗಳು ಒಂದು ಲಡಿಯೂ ಕೆಡಲಿಲ್ಲ. ರಾಚಪ್ಪನ ಬಾಯಿ ಕಟ್ಟಿತು. ನನಗೂ ಸ್ವಲ್ಪ ಜಂಬ ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಆ ದಿನ ಶೈಲಾ ಬನಹಟ್ಟಿಗೆ ಹೋಗಿದ್ದಳು. ಪ್ರಭು ಒಂದು ಹೊಸ ಡಿಸೈನ್ ಸಾಫ್ಟ್‌ವೇರ್ ಹಾಕಿಕೊಂಡಿದ್ದ. ಮೂವತ್ತು ದಿನ ಬಿಟ್ಟಿಯಾಗಿ ನಡೆದು ಆಮೇಲೆ ಬಾಗಿಲು ಹಾಕಿಕೊಳ್ಳುವಂಥದ್ದು. ಅದಕ್ಕೆ ಅಂದೇ ಕೊನೆಯ ದಿನ, ಹನ್ನೊಂದು ಗಂಟೆಗೆ ಅವಧಿ ತೀರುವುದಿತ್ತು. ಸೆರಗಿನ ಡಿಸೈನ್ ಅರ್ಧಕ್ಕೇ ನಿಂತಿತ್ತು. ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಅವನು ಡಿಸೈನ್ ಬರೆಯುವವರೆಲ್ಲ ಬಲ್ಲ ಉಪಾಯ ಮಾಡಿದ. ಕಂಪ್ಯೂಟರಿನ ಗಡಿಯಾರವನ್ನು ಎರಡು ತಾಸು ಹಿಂದಕ್ಕೆ ತಿರುಗಿಸಿದ.

ಗಡಿಯಾರ ಒಂಬತ್ತಕ್ಕೆ ಹತ್ತು ನಿಮಿಷ ಕಡಿಮೆ ಎಂದಿತು. ನಾನು ನಂಬಿದೆ. ನಂಬುವುದು ಬಿಟ್ಟು ನನಗೆ ಬೇರೆ ವಿದ್ಯೆ ಬರುವುದಿಲ್ಲ. ಗಿಳಿಹಸಿರಿಗೆ ಇನ್ನೇನು ಬಂದವನು ಸರಕ್ಕನೆ ಕೇಸರಿಯ ಹತ್ತಿರ ಹೋಗಿ ಕೂತೆ.

ಹಂಡೆಯಲ್ಲಿ ಕೆಂಪು ಹಿಡಿಯುತ್ತಿದ್ದ ರೇಷ್ಮೆ ಇತ್ತು. ನೀಲವ್ವ ಕಿಟಕಿಗೆ ಬಂದು ನನ್ನನ್ನು ನೋಡಿದಳು. ಮತ್ತೆ ನೋಡಿದಳು. ಹಂಡೆಗೆ ಹೋಗಿ ಕೋಲಿನಿಂದ ಲಡಿ ಎತ್ತಿ ಬೆರಳಲ್ಲಿ ಹಿಂಡಿದಳು. ಆಮೇಲೆ ಒಳಗೆ ಬಂದು ಪ್ರಭುವಿನ ಹಿಂದೆ ನಿಂತಳು.

"ಪ್ರಭು, ಈ ಚಕ್ರ ಸರಿ ಐತೇನು? ನನ್ನ ಕೈ ಆಗೇತಿ ಅಂತೈತಿ, ಇದು ಇಲ್ಲ ಅಂತೈತಿ."

ಅವನು ತಲೆ ಎತ್ತಲಿಲ್ಲ. "ಸರಿ ಐತಿ ದೊಡ್ಡವ್ವ, ನೀ ಹೋಗು."

ಅವಳು ಹೋದಳು. ಬಿದ್ದು ಎದ್ದಾಗಿನಿಂದ ಎಲ್ಲರೂ ಅವಳ ತಲೆಯನ್ನೇ ಅನುಮಾನಿಸಿದ್ದರು, ಅವಳೂ ಅನುಮಾನಿಸಲು ಕಲಿತಿದ್ದಳು. ತನ್ನ ಕೈಯೇ ತಪ್ಪಿರಬೇಕು, ಗಿಳಿಹಸಿರು ಬಂದ ಮೇಲೆಯೇ ತೆಗೆಯುವುದು ಎಂದುಕೊಂಡಿರಬೇಕು. ಹಂಡೆಯ ಪಕ್ಕದಲ್ಲಿ ಕೂತು ನಾನು ಗಿಳಿಹಸಿರಿಗೆ ಬರುವುದನ್ನು ಕಾದಳು. ನಾನು ತಿರುಗುತ್ತ ಹೋದೆ, ಅಷ್ಟೇ ನಿಧಾನವಾಗಿ, ಅಷ್ಟೇ ನಯವಾಗಿ. ಅದನ್ನು ನೆನೆದರೆ ಈಗಲೂ ನನಗೆ ಅಸಹ್ಯವಾಗುತ್ತದೆ.

ಪ್ರಭು ಕೆಲಸ ಮುಗಿಸಿ ಗಡಿಯಾರವನ್ನು ಸರಿಪಡಿಸಿದಾಗ ನಿಜವಾದ ಹೊತ್ತು ಒಂದು ಗಂಟೆಯ ಹತ್ತಿರ ಬಂದಿತ್ತು. ನಾನು ಒಮ್ಮೆಲೇ ಮುಂದಕ್ಕೆ ಹಾರಿದೆ. ನೀಲವ್ವ ಕಂಡು, ಓಡಿ ಹೋಗಿ ಲಡಿಗಳನ್ನು ಎಳೆದಳು. ರೇಷ್ಮೆ ಕಪ್ಪಿಟ್ಟು ಎಳೆ ಬಿಟ್ಟಿತ್ತು.

ಶೈಲಾ ಬಂದಳು, ರಾಚಪ್ಪನೂ ಬಂದ. ಚಕ್ರ ಹಿಂದೆ ಹೋಯಿತು, ಆಮೇಲೆ ಮುಂದೆ ಜಿಗಿಯಿತು ಎಂದು ನೀಲವ್ವ ಹೇಳಿದಳು. ಶೈಲಾ ನನ್ನನ್ನು ನೋಡಿದಳು, ಗೋಡೆಯ ಗಡಿಯಾರವನ್ನು ನೋಡಿದಳು. ಎರಡೂ ಒಂದೇ ಹೊತ್ತು ಹೇಳುತ್ತಿದ್ದವು. ಗಡಿಯಾರ ಮುಟ್ಟಿದ್ದೀರಾ ಎಂದು ಗಂಡನನ್ನು ಕೇಳಿದಳು. ನಾನು ಯಾಕೆ ಮುಟ್ಟಲಿ ಎಂದ ಪ್ರಭು. ಹೀಗೆ ನಾನೇ ನೀಲವ್ವನ ವಿರುದ್ಧ ಸಾಕ್ಷಿಯಾದೆ. ಎಲ್ಲರಿಗೂ ಅವಳ ಮೇಲೆ ಕನಿಕರ ಬಂತು, ನಂಬಿಕೆ ಬರಲಿಲ್ಲ. ಮಾರನೆಯ ದಿನ ಹಂಡೆಯನ್ನು ಬೋರಲು ಹಾಕಿದರು.

ಅದಾದ ಮೇಲೆ ಯಾರೂ ನನ್ನತ್ತ ನೋಡಲಿಲ್ಲ. ಹೊಸ ಕಂಪ್ಯೂಟರ್ ಬಂತು, ಅದರಲ್ಲಿ ನನಗೆ ಜಾಗವಿರಲಿಲ್ಲ. ಹಳೆಯದರ ಜೊತೆ ನಾನೂ ಮೂಲೆ ಸೇರಿದೆ, ಮೇಲೆ ಒಂದು ಹರಕು ಟವೆಲು.

ಒಂದೂವರೆ ವರ್ಷದ ಮೇಲೆ, ಮೊನ್ನೆ ಬೆಳಿಗ್ಗೆ, ಆ ದಿನದ ಸೆರಗಿನ ಡಿಸೈನ್ ಬೇಕೆಂದು ಶೈಲಾ ನನ್ನನ್ನು ಎಬ್ಬಿಸಿದಳು. ಪ್ರಭು ಅದನ್ನು ಮೂರು ಸಲ ಉಳಿಸಿ, ಒಂದು, ಎರಡು, ಮೂರು ಎಂದು ಹೆಸರಿಟ್ಟಿದ್ದ. ಒಂದರ ಮುಂದೆ ಉಳಿಸಿದ ಹೊತ್ತು ಹತ್ತೂ ನಲವತ್ತೈದು ಎಂದಿತ್ತು. ಅದಾದ ಮೇಲೆ ಉಳಿಸಿದ ಎರಡರ ಮುಂದೆ ಒಂಬತ್ತೂವರೆ. ನಡುವೆ ಗಡಿಯಾರ ಹಿಂದೆ ಹೋಗದೆ ಹೀಗಾಗುವಂತಿರಲಿಲ್ಲ. ಶೈಲಾ ತಾರೀಖು ನೋಡಿದಳು. ನೂಲು ಕೆಟ್ಟ ದಿನವನ್ನು ಅವಳು ಮರೆತಿರಲಿಲ್ಲ.

ಅವಳು ಜಗಳ ಮಾಡಲಿಲ್ಲ. ಪ್ರಭುವನ್ನೂ ನೀಲವ್ವನನ್ನೂ ಕರೆದು ಪರದೆಯ ಮುಂದೆ ನಿಲ್ಲಿಸಿದಳು. "ನೀವಽ ಹೇಳ್ರಿ," ಎಂದಳು ಗಂಡನಿಗೆ.

ಅವನು ನೀಲವ್ವನ ಕಡೆ ತಿರುಗಿದ. "ದೊಡ್ಡವ್ವ, ಅವತ್ತ ನಾನಽ ಗಡಿಯಾರ ಹಿಂದ ತಿರುಗಿಸಿದ್ದೆ. ನೂಲು ಕೆಟ್ಟಮ್ಯಾಲೆ ನಿನಗ ಮಾರಿ ತೋರಿಸಿ ಹೇಳಾಕ ಧೈರ್ಯ ಆಗಲಿಲ್ಲ."

ನೀಲವ್ವ ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ತನ್ನ ಬೆರಳುಗಳನ್ನು ಒಂದಕ್ಕೊಂದು ಉಜ್ಜಿಕೊಂಡಳು, ಒದ್ದೆ ಲಡಿ ಹಿಂಡಿದಂತೆ.

"ನನ್ನ ಕೈ ಖರೇ ಹೇಳಿತ್ತು," ಎಂದಳು. "ಇದನ್ನ ಬಂದ್ ಮಾಡವಾ ಶೈಲಾ."

"ಇದರದೇನು ತಪ್ಪಿಲ್ರಿ ಅತ್ತಿ."

"ಗೊತ್ತೈತಿ. ಆದ್ರೂ ಬಂದ್ ಮಾಡು."

ಹೊತ್ತಿನ ಜೊತೆ ತಿರುಗುತ್ತೇನೆಂದು ನಾನು ಬೀಗುತ್ತಿದ್ದೆ. ಗಡಿಯಾರ ಹೇಳಿದಂತೆ ತಿರುಗುತ್ತಿದ್ದೆ, ಅಷ್ಟೇ. ಗಡಿಯಾರವನ್ನು ಯಾರು ಬೇಕಾದರೂ ತಿರುಗಿಸಬಹುದಿತ್ತು. ನನಗೆ ಮೋಸವಾಯಿತು, ನಿಜ. ಆದರೆ ಅವಳಿಗೆ ಮೋಸವಾದದ್ದು ನನ್ನ ಮುಖ ನೋಡಿ. ಶೈಲಾಳ ಬೆರಳು ಗುಂಡಿಯ ಮೇಲೆ ಬಂದಾಗ ಬಿಳಿ ಗುರುತಿನ ಕೆಳಗೆ ಅರಿಸಿನ ಇತ್ತು, ನೂಲು ಇಳಿಸುವ ಹೊತ್ತು. ನೀಲವ್ವ ಆಗಲೇ ಹಿತ್ತಲಿಗೆ ಹೋಗಿದ್ದಳು; ಅಲ್ಲಿ ಹಂಡೆ ಎಳೆದ ಸದ್ದಾಯಿತು. ನೀರು ಹೊಯ್ದಳೋ, ಒಲೆ ಹೊತ್ತಿಸಿದಳೋ, ನಾನು ನೋಡಲಿಲ್ಲ.