ಬೊಂಬಾಯಿಗೆ ಹೋದ ಮಗ್ಗಗಳು

ಕ್ಲೆಗ್ ಗಿರಣಿಯ ಚಿಮಣಿ ಹೊಗೆ ಉಗುಳದೆ ಎರಡು ಚಳಿಗಾಲ ಕಳೆದಿತ್ತು. ಓಕನ್‌ಶಾ ಊರಿನ ಮೇಲೆ ಆಕಾಶ ನಿಚ್ಚಳವಾಗಿತ್ತು. ಲ್ಯಾಂಕಷೈರಿನ ನೇಕಾರರಿಗೆ ನಿಚ್ಚಳ ಆಕಾಶವೆಂದರೆ ಉಪವಾಸ.

ಅಡಾ ಕರ್ಷಾ ಲಂಗ ತೊಡುವ ವಯಸ್ಸಿನಿಂದ ಆ ಗಿರಣಿಯಲ್ಲಿ ನೆಯ್ದವಳು. ಈಗ ಕಸಾಯಿ ಅಂಗಡಿಯ ಹಿಂಬಾಗಿಲಲ್ಲಿ ನಿಂತು, ಬೋಟಿ ಬೇಯಿಸಿದ ನೀರನ್ನು ಬೇಡಿ ತರುತ್ತಿದ್ದಳು. ಆಲೂಗಡ್ಡೆ ಸಿಕ್ಕಿದ ದಿನ ಅದು ಸಾರು, ಸಿಗದ ದಿನ ಬರೀ ನೀರು. ನಿರುದ್ಯೋಗ ಭತ್ಯೆಯ ಅಧಿಕಾರಿ ಬಂದವನು ಮನೆಯೆಲ್ಲ ಕಣ್ಣಾಡಿಸಿ, "ಇರೋರು ಇಬ್ರು, ಕುರ್ಚಿ ನಾಲ್ಕು ಯಾಕ್ರೀ? ಎರಡು ಮಾರಿ, ಆಮೇಲೆ ಬಂದು ಕೇಳಿ" ಎಂದು ಹೋಗಿದ್ದ. ಅವೂ ಹೋದವು.

ಗಂಡ ಸೆತ್ ಅದೇ ಗಿರಣಿಯಲ್ಲಿ ಕೆಟ್ಟ ಮಗ್ಗ ಸರಿಮಾಡುವವನು. ಕೈಗೆ ಕೆಲಸ ತಪ್ಪಿದ ಮೇಲೆ ಬಾಯಿಗೆ ಮಾತೂ ತಪ್ಪಿತ್ತು. ಅಂಥವನು ಒಂದು ಸಂಜೆ ಕಪ್ಪು ಅಂಗಿ ತೊಟ್ಟು, ಎದೆ ಸೆಟೆಸಿ ಒಳಗೆ ಬಂದ.

"ಯಾರ ತಿಥಿಗೆ ಹೊರಟಿದ್ದೀಯ?" ಎಂದಳು ಅಡಾ.

"ನಗಬೇಡ ಕಣೆ. ಕಪ್ಪಂಗಿ ದಳಕ್ಕೆ ಸೇರಿದೆ. ಅಲ್ಲಿ ನನ್ನನ್ನ ಹೆಸರು ಹಿಡಿದು ಕರೀತಾರೆ. ಬಿಸಿ ಊಟ ಹಾಕ್ತಾರೆ. ನಮ್ಮ ಅನ್ನ ಕಿತ್ಕೊಂಡೋರು ಯಾರು ಅಂತ ಬಿಡಿಸಿ ಹೇಳ್ತಾರೆ."

"ಯಾರಂತೆ?"

"ಬೊಂಬಾಯಿ ಕೂಲಿಗಳು. ಅವರ ಗಿರಣಿಗೆ ಬಡ್ಡಿಗೆ ದುಡ್ಡು ಸುರಿಯೋ ಯಹೂದಿಗಳು."

"ನಮ್ಮೂರಲ್ಲಿರೋನು ಒಬ್ಬನೇ ಯಹೂದಿ, ಗಡಿಯಾರ ರಿಪೇರಿ ಸಾಲೊಮನ್. ಪಾಪ, ಅವನ ಕೋಟಿಗೇ ಮೂರು ತೇಪೆ."

ಒಲೆಯ ಪಕ್ಕ ಕುಳಿತಿದ್ದ ಅಡಾಳ ತಮ್ಮ ಜೋನಸ್ ನಗಲಿಲ್ಲ. ಅವನು ಗಿರಣಿಯ ಬಡಗಿಯಾಗಿದ್ದವನು, ಕಾರ್ಮಿಕ ಸಂಘದವನು.

"ಭಾವ, ಬೊಂಬಾಯಿಯೋರು ಬಂದು ನಮ್ಮ ಮಗ್ಗ ಕದ್ಕೊಂಡು ಹೋದ್ರಾ? ಕ್ಲೆಗ್ ಧಣಿ ಮಾರಿದ. ಪೆಟ್ಟಿಗೆಗೆ ಮೊಳೆ ಹೊಡೆದೋನು ನಾನು. ಅಕ್ಕನ ಮಗ್ಗದ ಪೆಟ್ಟಿಗೆ ಮೇಲೆ ಬೊಂಬಾಯಿ ಅಂತ ಬರೆದೋನೂ ನಾನೇ. ಅಲ್ಲಿ ಗಿರಣೀಲಿ ಅವನಿಗೆ ಪಾಲಿದೆ. ಇಲ್ಲಿ ನಿನಗೆ ಕೊಡಬೇಕಾಗಿದ್ದ ಕೂಲಿಯಲ್ಲಿ ಅಲ್ಲಿ ನಾಲ್ಕು ಜನರನ್ನ ದುಡಿಸ್ತಾನೆ. ಆ ನಾಲ್ಕು ಜನಕ್ಕೂ ಹೊಟ್ಟೆ ತುಂಬಲ್ಲ."

"ಮೊಳೆ ಹೊಡೀವಾಗ ಎಲ್ಲಿತ್ತೋ ನಿನ್ನ ಸಂಘ?"

"ಹಸಿದ ಹೊಟ್ಟೇಲಿತ್ತು, ಭಾವ. ನಿನ್ನ ಅಂಗಿ ಎಲ್ಲಿಂದ ಬಂತೋ ಅಲ್ಲೇ."

ಸೆತ್ ಎದ್ದು ಹೊರಗೆ ಹೋದ. ಅಡಾ ತಮ್ಮನನ್ನೇ ಬೈದಳು. "ಎಷ್ಟೋ ದಿನದ ಮೇಲೆ ಅವನು ತಲೆ ಎತ್ತಿದ್ದ. ಅವನಷ್ಟಕ್ಕೆ ಬಿಡಬಾರದಿತ್ತೇನೋ?"

ಭಾನುವಾರ ಪುರಭವನದಲ್ಲಿ ಕಪ್ಪಂಗಿಯವರ ಸಭೆ. ಅಡಾ ಮೇಲಿನ ಮಹಡಿಯಲ್ಲಿ ನೇಕಾರ ಹೆಂಗಸರ ನಡುವೆ ಕುಳಿತಳು. ಕೆಳಗೆ ಗೋಡೆಯುದ್ದಕ್ಕೂ ಕಪ್ಪಂಗಿಯ ಕಾವಲಿನವರು ನಿಂತಿದ್ದರು. ಅವರಲ್ಲಿ ಸೆತ್ ಕೂಡ ಇದ್ದ. ನಗಾರಿ ಮೊಳಗಿತು. ವೇದಿಕೆಯ ಮೇಲೆ ಬಾವುಟದ ಕೆಳಗೆ ಮೊದಲ ಕುರ್ಚಿಯಲ್ಲಿ ಕುಳಿತವನನ್ನು ಕಂಡು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವನು ಕ್ಲೆಗ್ ಧಣಿ.

ಲಂಡನ್ನಿನಿಂದ ಬಂದ ಭಾಷಣಕಾರ ಮೇಜು ಗುದ್ದಿದ. "ನಿಮ್ಮ ಮಗ್ಗಗಳನ್ನು ಮೂಕ ಮಾಡಿದವರು ಯಾರು?"

ಕೆಳಗಿನ ಸಾಲಿನಲ್ಲಿ ಕುಳಿತಿದ್ದ ಜೋನಸ್ ಎದ್ದು ನಿಂತ. "ನಿಮ್ಮ ಪಕ್ಕದಲ್ಲೇ ಕೂತವ್ರೆ, ಸ್ವಾಮಿ! ಅವರನ್ನೇ ಕೇಳಿ!"

ಯಾರೋ ಕಿಸಕ್ಕನೆ ನಕ್ಕರು. ಆ ನಗು ಸಾಲಿನಿಂದ ಸಾಲಿಗೆ ಹಬ್ಬಿತು. ಕ್ಲೆಗ್‌ನ ಮುಖ ಬೀಟ್‌ರೂಟಿನಂತಾಯಿತು.

"ಕರ್ಷಾ! ಏನು ನೋಡ್ತಾ ನಿಂತಿದ್ದೀಯ?" ದಳದ ಮುಖಂಡ ಸೆತ್‌ನತ್ತ ಅರಚಿದ.

ಜೋನಸ್‌ಗೆ ಎಲ್ಲರಿಗಿಂತ ಹತ್ತಿರ ನಿಂತಿದ್ದವನು ಸೆತ್. ಅವನು ಒಮ್ಮೆ ಮಹಡಿಯ ಕಡೆ ನೋಡಿದ. ಅಡಾ ತಲೆ ಅಲ್ಲಾಡಿಸಿದಳು, ಬೇಡ, ಬೇಡ. ಅವನು ಹೊಡೆದ. ಮೊದಲ ಏಟು ಅವನದೇ. ಉಳಿದವರು ಮೇಲೆ ಬಿದ್ದರು. ಜೋನಸ್‌ನನ್ನು ಕೈಕಾಲು ಹಿಡಿದು ಹೊರಗೆ ಹೊತ್ತು, ಕಲ್ಲುಮೆಟ್ಟಿಲ ತುದಿಯಿಂದ ಎಸೆದರು. ಪೊಲೀಸರು ಬೀದಿಯಾಚೆ ನಿಂತು ಕುದುರೆಗಳಿಗೆ ನೀರು ಕುಡಿಸುತ್ತಿದ್ದರು.

ಮಹಡಿ ಇಳಿದು ಬರುತ್ತಾ ಎಸೆದದ್ದನ್ನು ಬಾಗಿಲಿನಿಂದಲೇ ಕಂಡ ಅಡಾ ಓಡಿ ಬಂದು ತಮ್ಮನ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ದವಡೆ ಮುರಿದಿತ್ತು, ದನಿ ಬರುತ್ತಿರಲಿಲ್ಲ. ಮಗ್ಗಗಳ ಗದ್ದಲದಲ್ಲಿ ದುಡಿದವರು ತುಟಿ ನೋಡಿಯೇ ಮಾತು ತಿಳಿಯಬಲ್ಲರು. 'ಭಾವನ್ನ ಬೈಬೇಡ, ಅಕ್ಕ' ಎಂದಿತು ಅವನ ತುಟಿ. ಬೆಳಗಾಗುವ ಮುಂಚೆ ಆಸ್ಪತ್ರೆಯಲ್ಲಿ ಆ ತುಟಿಯೂ ನಿಂತಿತು.

ಸಾವಿನ ವಿಚಾರಣೆಯಲ್ಲಿ ಅಧಿಕಾರಿ ಸೆತ್‌ನನ್ನು ಕೇಳಿದ. "ಸತ್ತವನು ನಿನ್ನ ಭಾವಮೈದುನ. ಸುಳ್ಳು ಹೇಳೋಕೆ ನಿನಗೆ ಕಾರಣ ಇಲ್ಲ. ಹೇಗೆ ಬಿದ್ದ?"

ಸೆತ್ ನೆಲ ನೋಡಿದ. "ಜಾರಿ ಬಿದ್ದ, ಸ್ವಾಮಿ."

"ಎಸೆದರು! ನಾನು ಕಣ್ಣಾರೆ ಕಂಡೆ!" ಅಡಾ ಎದ್ದು ಕೂಗಿದಳು.

"ದುಃಖದಲ್ಲಿದ್ದಾಳೆ, ಹೊರಗೆ ಕರ್ಕೊಂಡು ಹೋಗಿ," ಎಂದ ಅಧಿಕಾರಿ, ಸಭ್ಯ ದನಿಯಲ್ಲಿ. ಆಕಸ್ಮಿಕ ಸಾವು ಎಂದು ತೀರ್ಪಾಯಿತು.

ಮಣ್ಣು ಮಾಡುವ ದಿನ ಊರಿನ ನೇಕಾರರೆಲ್ಲ ಬಂದರು. ಹೆಂಗಸರೇ ಹೆಣಕ್ಕೆ ಹೆಗಲು ಕೊಟ್ಟರು. ಸಾಲೊಮನ್ ತನ್ನ ತೇಪೆಯ ಕೋಟು ತೊಟ್ಟು ಹಿಂದೆ ನಡೆದ. ಸ್ಮಶಾನದ ಗೇಟಿನಲ್ಲಿ ಸೆತ್ ನಿಂತಿದ್ದ. ಕಪ್ಪಂಗಿ ಕಳಚಿದ್ದ. ಬೇರೆ ಅಂಗಿ ಇರಲಿಲ್ಲವಾಗಿ ಬನಿಯನ್ನಿನಲ್ಲೇ ನಡುಗುತ್ತಿದ್ದ.

"ಅಡಾ," ಎಂದ. "ಧಣಿ ಕೆಲಸ ಕೊಡ್ತಾರಂತೆ ಕಣೆ. ಗಿರಣಿ ಕಾಯೋ ಕೆಲಸ. ಇನ್ನು ನೀನು ಆ ಬೋಟಿ ನೀರು ಬೇಡೋಕೆ ಹೋಗೋದು ಬೇಡ."

ಅಡಾ ಹೆಗಲ ಭಾರ ಇಳಿಸದೆ ನಿಂತಳು. ಅವನ ಮೈ ಮೇಲೆ ಶಾಲು ಹೊದಿಸಬೇಕೆಂದು ಕೈ ತಾನಾಗಿ ಎದ್ದಿತು. ಆ ಕೈಯನ್ನು ಅವಳು ಮತ್ತೆ ಹೆಣದ ಪೆಟ್ಟಿಗೆಗೆ ಕೊಟ್ಟಳು.

"ಏನು ಕಾಯ್ತೀಯ, ಸೆತ್?" ಎಂದಳು. "ಒಳಗೆ ಏನಿದೆ?"

ಹಿಂದಿದ್ದ ಹೆಂಗಸೊಬ್ಬಳು, "ನಡಿಯೇ ಅಡಾ, ನಿನ್ನ ತಮ್ಮನ್ನ ಮಣ್ಣಲ್ಲಿ ಮಲಗಿಸಿ ಕ್ಲೆಗ್ ಮನೆ ಬಾಗಿಲಿಗೆ ಹೋಗೋಣ. ಎಲ್ಲರೂ ಹೋಗೋಣ" ಎಂದಳು. ಪೆಟ್ಟಿಗೆ ಮುಂದೆ ಸಾಗಿತು.