ಬಲಕ್ಕೆ ತಲೆಯಿಟ್ಟ ಕೆಂಪು ಮೀನು

ಗನ್‌ಸುಯಿ ಗುರುಗಳು ಜಪಾನಿನ ಎದೋ ಪಟ್ಟಣದ ದೊಡ್ಡ ಚಿತ್ರಕಾರರು. ಎಷ್ಟು ದೊಡ್ಡವರೆಂದರೆ, ತಮ್ಮ ಚಿತ್ರ ಮರದ ಹಲಗೆಯಿಂದ ಕಾಗದಕ್ಕೆ ಹೇಗೆ ಇಳಿಯುತ್ತದೆಂದು ನೋಡಲು ನಮ್ಮಂಥ ಅಚ್ಚಿನವರ ಮನೆಗೆ ಒಮ್ಮೆಯೂ ಬಂದವರಲ್ಲ.

ಅಕ್ಕಿ ಹೆಂಡದ ವ್ಯಾಪಾರಿಯೊಬ್ಬನಿಗೆ ಮಗಳ ಮದುವೆಯಲ್ಲಿ ಹಂಚಲು ಶುಭದ ಗುರುತಾದ ಕೆಂಪು ಮೀನಿನ ಚಿತ್ರ ಬೇಕಿತ್ತು. ಪ್ರಕಾಶಕ ಮಸುಯ ಆ ಕೆಲಸ ತಂದ ದಿನವೇ ಅಪ್ಪ ನನಗೆ ಮಾತು ಕೊಟ್ಟಿದ್ದರು: "ಇದೊಂದು ಒಪ್ಪಿಗೆ ಆಗ್ಲಿ ಒನುಯಿ, ಮುಂದಿನ ಚಿತ್ರ ನೀನೇ ಒತ್ತು." ಅಲ್ಲಿಯವರೆಗೆ ನನ್ನ ವಿದ್ಯೆಯೆಲ್ಲ ಬಣ್ಣ ಅರೆಯುವುದಕ್ಕೆ ಮೀಸಲು.

ಮೊದಲ ಹಾಳೆ ಎತ್ತಿದರೆ ಮೀನಿನ ತಲೆ ಬಲಕ್ಕಿತ್ತು! ನಮ್ಮಲ್ಲಿ ಮೀನಿನ ತಲೆ ಎಡಕ್ಕಿರಬೇಕು; ಊಟದ ತಟ್ಟೆಯಲ್ಲೇ ಬಲಕ್ಕಿಟ್ಟರೆ ಅಪಶಕುನ. ಇನ್ನು ಮದುವೆ ಮನೆಗೆ? ಹಲಗೆ ಕೆತ್ತಿದವನಿಗೂ ಕಂಡಿರಬೇಕು. ಆದರೆ ಗುರುಗಳ ಗೆರೆಯನ್ನು ಪ್ರಶ್ನಿಸುವುದುಂಟೇ? ತಪ್ಪನ್ನೂ ಶ್ರದ್ಧೆಯಿಂದ ಕೆತ್ತುವುದೇ ನಮ್ಮ ಕಸುಬಿನ ಮರ್ಯಾದೆ.

ಸುದ್ದಿ ತಿಳಿದ ಮಸುಯ ಗುರುಗಳನ್ನೇ ನಮ್ಮ ಮನೆಗೆ ಎಳೆದುಕೊಂಡು ಬಂದ. "ನಾಳೆ ಬೆಳಿಗ್ಗೆ ಕೊಡ್ಬೇಕಲ್ರೀ! ಇದನ್ನ ನೋಡಿದ್ರೆ ಮದುಮಗಳು ಅಳ್ತಾಳೆ, ಅವರಪ್ಪ ನನ್ನ ಅಳಿಸ್ತಾನೆ."

"ಅಚ್ಚಲ್ಲಿ ಎಲ್ಲ ತಿರುಗುತ್ತೆ ಅಂತ ನಾನೇ ಮೊದ್ಲೇ ತಿರುಗಿಸಿ ಬರ್ದೆ ಕಣಯ್ಯ," ಎಂದರು ಗುರುಗಳು. "ಇವರೇ ಕೆಡಿಸಿದ್ದು."

"ಗುರುಗಳೇ, ನಿಮ್ಮ ಹಾಳೇನ ಹಲಗೆಗೆ ಬೋರಲು ಅಂಟಿಸಿ ಕೆತ್ತೋದು," ಎಂದರು ಅಪ್ಪ. "ಹಲಗೇಲಿ ತಿರುಗುತ್ತೆ, ಕಾಗದಕ್ಕೆ ಮತ್ತೆ ನೀವು ಬರ್ದಂಗೇ ಬರುತ್ತೆ."

"ಮತ್ತೆ ನನ್ನ ಹೆಸ್ರು ಹೆಂಗೆ ನೆಟ್ಟಗಿದೆ?"

"ಅದನ್ನ ನೀವು ನೆಟ್ಟಗೇ ಬರ್ದಿದ್ರಿ."

ಮೀನನ್ನು ತಿರುಗಿಸಿದ ಕೈಗೆ ಸ್ವಂತ ಹೆಸರನ್ನು ತಿರುಗಿಸಲು ಮನಸ್ಸು ಬಂದಿರಲಿಲ್ಲ.

ಹೊರಗಿನವರ ಎದುರು ನನ್ನ ದನಿ ಗಂಟಲು ದಾಟುವುದು ಅಪರೂಪ. ಅಂದು ಹೇಗೋ ದಾಟಿತು. "ಅಪ್ಪಾ, ತೆಳು ಕಾಗದಕ್ಕೆ ಜೋರಾಗಿ ಒತ್ತಿ, ಹಿಂಬದಿ ಮೇಲೆ ಮಾಡಿ ದಪ್ಪ ಹಾಳೆಗೆ ಅಂಟಿಸಿದ್ರೆ?"

ಅಪ್ಪ ಬಿದಿರು ಸಿಪ್ಪೆ ಸುತ್ತಿದ ಒತ್ತುಬಿಲ್ಲೆಯನ್ನು ನನ್ನ ಕಡೆ ತಳ್ಳಿದರು. ಮೈಭಾರವೆಲ್ಲ ಹಾಕಿ ಉಜ್ಜಿದೆ. ಹಿಂಬದಿಯಲ್ಲಿ ಮೀನು ಎಡಕ್ಕೆ ತಿರುಗಿತ್ತು. ಕೆಂಪು ಇಂಗಿ ಬಂದು, ನೀರಿನೊಳಗಿಂದ ನೋಡುತ್ತಿರುವಂತಿತ್ತು. ಹೆಸರು ಮಾತ್ರ ತಿರುಗುಮುರುಗು.

"ಕೆತ್ತಿ ತೆಗೀತೀನಿ," ಎಂದು ಅಪ್ಪ ಉಳಿ ಎತ್ತಿಕೊಂಡರು.

"ನನ್ನ ಹೆಸ್ರನ್ನೇ?" ಗುರುಗಳು ಎದ್ದು ನಿಂತರು. "ಹೆಸ್ರಿಲ್ದೆ ಯಾರು ಮುಟ್ತಾರಯ್ಯ?"

"ಮದುವೆ ಮನೇವ್ರು ಕೇಳಿರೋದು ಮೀನು ಗುರುಗಳೇ," ಎಂದ ಮಸುಯ. "ನಿಮ್ಮನ್ನಲ್ಲ."

ಮದುವೆಯಲ್ಲಿ ಮೀನಿಗೆ ಹೊಗಳಿಕೆಯೋ ಹೊಗಳಿಕೆ. ವಿನಯದಿಂದ ಹೆಸರು ಹಾಕಲಿಲ್ಲವೆಂದು ಗುರುಗಳು ಎದೋ ತುಂಬ ಸಾರಿಕೊಂಡು ಬಂದರು.

ಅವರ ಮುಂದಿನ ಚಿತ್ರ ಒತ್ತುವ ಕೆಲಸ ನನ್ನದಾಯಿತು. ಈ ಸಲ ಮೀನು ಸರಿಯಾಗಿ ಎಡಕ್ಕಿದೆ. ಪಾಠ ಕಲಿತ ಗುರುಗಳು ಹೆಸರನ್ನು ಮಾತ್ರ ತಿರುಗಿಸಿ ಬರೆದಿದ್ದಾರೆ. ಒತ್ತುತ್ತಿದ್ದೇನೆ. ಗುರುಗಳ ಗೆರೆಯನ್ನು ಪ್ರಶ್ನಿಸುವುದುಂಟೇ?