ಬೀರಸಿದ್ದಪ್ಪ ಕಾದ ಗುಡ್ಡ

ಬೀರಸಿದ್ದಪ್ಪ ಗುಡ್ಡ ಇಳಿದು ಬರುವುದು ಕಾಣುವ ಮೊದಲೇ ಕೇಳುತ್ತಿತ್ತು. ಕಡುಬೇಸಿಗೆಯಲ್ಲೂ ಕಳಚದ ಆ ಖಾಕಿ ಕೋಟಿನ ಕಿಸೆಗಳಲ್ಲಿ, ಕದ್ದು ಹುಲ್ಲು ಕೊಯ್ಯುವ ಹೆಂಗಸರಿಂದ ಕಸಿದ ಕುಡುಗೋಲುಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಮರುದಿನ ಅವನ್ನು ಮಸೆದು, ತಾನೇ ಮನೆಮನೆಗೆ ಹೋಗಿ ಕೊಟ್ಟು ಬರುವನು.

"ಹುಲ್ಲ ಕೊಯ್ದ್ರ ನಿನ್ನ ಗಿಡ ಅಳತಾವೇನ ಯಣ್ಣಾ?" ಎಂದು ಎಮ್ಮೆ ಸಾಕಿದ್ದ ಉದ್ದವ್ವ ಚುಚ್ಚಿದರೆ, "ಗಿಡ ಅಳಂಗಿಲ್ಲ ತಂಗೀ, ನಾ ಅಳತೇನಿ" ಎನ್ನುವನು.

ಹುಕ್ಕೇರಿ ಸೀಮೆಯ ಆ ಬೋಳುಗುಡ್ಡಕ್ಕೆ ನೀಲಗಿರಿ ಸಸಿ ಹಚ್ಚಿದಾಗ ಹೆಗಲ ಮೇಲೆ ನೀರು ಹೊತ್ತವನು ಅವನು. ಊರ ಅರಣ್ಯ ಸಮಿತಿ ಅವನನ್ನೇ ಕಾವಲಿಗಿಟ್ಟಿತು. ಎರಡು ಸಾವಿರದ ಇಸವಿಯ ಆಚೀಚೆ ಬಂದ ಅರಣ್ಯ ಸಾಹೇಬರು, ಗಾಳಿಯೊಳಗಿನ ಇಂಗಾಲ ಗಿಡದ ಮೈಯಲ್ಲಿ ಕೂಡಿರುತ್ತದೆ, ಹೊಗೆಯಿಂದ ಕೆಡುತ್ತಿರುವ ಲೋಕಕ್ಕೆ ಅದೇ ಆಸರೆ ಎಂದಂದಿನಿಂದ ಅವನ ನಡಿಗೆಗೆ ಪೂಜಾರಿಯ ಗಾಂಭೀರ್ಯ ಬಂತು. ಅವರ ಮಾತಿನ ಉತ್ತರಾರ್ಧ ಮಾತ್ರ ಕಿವಿಗಿಳಿಯಲಿಲ್ಲ.

"ಒತ್ತಾಗಿ ಬೆಳದಲ್ಲಿ ಸೊರಗಿದ್ದನ್ನ ಕಡೀಬೇಕು, ಬೀರಸಿದ್ದಪ್ಪ. ಮನಿಗೆ ಜಂತಿ ಹಾಕಿದ್ರ ಇಂಗಾಲ ಜಂತ್ಯಾಗ ಇರತೈತಿ, ಉಳಿದ ಗಿಡ ದಪ್ಪ ಆಕ್ಕಾವು. ಹುಲ್ಲೂ ಕೊಯ್ಯಾಕ ಬಿಡು, ಬೆಂಕಿ ಭಯ ಇರಂಗಿಲ್ಲ."

"ಜಂತಿ ಎಲಿ ಬಿಡತೈತೇನ್ರಿ ಸಾಹೇಬ್ರ?"

ಸಮಿತಿಯವರು ನಕ್ಕರು, ಸಾಹೇಬರೂ ನಕ್ಕರು. ಆ ನಗೆಯಲ್ಲೇ ಕಡಿತ ಮುಂದಿನ ವರ್ಷಕ್ಕೆ ಹೋಯಿತು, ಆಮೇಲೆ ಅದರ ಮುಂದಿನದಕ್ಕೆ. ಮನೆಯ ಜಂತಿ ಮುರಿದ ಶಿದ್ರಾಮ ಒಂದೇ ಒಂದು ಗಿಡ ಬೇಡಿ, "ನನ್ನ ಮಾಳಗಿ ಬಿದ್ರ ನಿನ್ನ ಇಂಗಾಲ ಬಂದು ಎತ್ತತೈತೇನು?" ಎಂದು ರೇಗಿದಾಗ, ಬೀರಸಿದ್ದಪ್ಪ ತನ್ನ ಅಂಗಳದ ಹಂದರವನ್ನೇ ಕಿತ್ತು ಗಳ ಕೊಟ್ಟ; ಗುಡ್ಡದ ಒಂದು ಕಡ್ಡಿಯನ್ನೂ ಕೊಡಲಿಲ್ಲ. ಸಾಲದ್ದಕ್ಕೆ, ಹತ್ತುವ ಹಾದಿಗಳಿಗೆಲ್ಲ ಜಾಲಿಮುಳ್ಳು ಬಡಿದ.

ಒಂದು ಶಿವರಾತ್ರಿ ಕಳೆದ ಮೇಲೆ, ಮಧ್ಯಾಹ್ನದ ಬಿರುಗಾಳಿಗೆ ರಸ್ತೆ ಬದಿಯ ಕಿಡಿಯೊಂದು ಎದೆಮಟ್ಟದ ಒಣಹುಲ್ಲಿಗೆ ತಾಗಿತು. ಬೆಂಕಿ ಬಡಿಯಲು ಬೇವಿನ ತೊಪ್ಪಲು ಹಿಡಿದು ಓಡಿದ ಊರವರಿಗೆ ಹಾದಿಯ ಮುಳ್ಳು ಕೀಳುವುದೇ ಕೆಲಸವಾಯಿತು. ಸೊರಗಿದವು ಮೊದಲು ಹೊತ್ತಿದವು, ಅವುಗಳಿಂದ ಬಲಿತವು. ಹೊಗೆ ದೂರದ ನಿಡಸೋಸಿಯವರೆಗೂ ಕಂಡಿತಂತೆ.

ಬೈಯಬೇಕೆಂದೇ ಗುಡ್ಡ ಹತ್ತಿದ ಉದ್ದವ್ವ, ಬೂದಿಯಲ್ಲಿ ಕೂತವನ ಸುಟ್ಟ ಅಂಗೈ ಕಂಡು ಬೈಗುಳ ನುಂಗಿದಳು.

"ಕೂಡಿಟ್ಟಿದ್ದೆಲ್ಲಾ ಮ್ಯಾಲ ಹೋತಲ್ಲ ತಂಗೀ."

"ಮೊದಲ ಕೈಗಿ ಎಣ್ಣಿ ಹಚ್ಚಗೊ, ನಡಿ."

ಮಳೆಗಾಲಕ್ಕೆ ಕೆಲವು ಬುಡಗಳು ಚಿಗುರಿದವು. ಅವನು ನೋಡಲು ಹೋಗಲಿಲ್ಲ.

ಮುಟ್ಟಗೊಡದೆ ಕಾಯುವ ಇಂಥ ಜೀವಗಳು ಎಲ್ಲ ಊರಲ್ಲೂ ಇರುತ್ತವೆ. ಲೋಭ ಅವರನ್ನು ಸೋಂಕುವುದಿಲ್ಲ, ಕಳ್ಳ ಅವರ ಕಣ್ಣು ತಪ್ಪಿಸಲಾರ. ಬೆಳೆಯುವುದಕ್ಕೆ ಕೊಯ್ಯುವ ಕೈಯೂ ಬೇಕೆಂಬುದನ್ನು ಮಾತ್ರ ಅವರ ಅಕ್ಕರೆ ಒಪ್ಪುವುದಿಲ್ಲ. ಕೊನೆಗೆ ಒಪ್ಪಿಸಲು ಬರುವುದು ಬೆಂಕಿ. ಅದಕ್ಕೆ ಸೊರಗಿದ್ದು ಯಾವುದು, ಬಲಿತದ್ದು ಯಾವುದು ಎಂಬ ಭೇದವಿಲ್ಲ.